ಬ್ರಿಟನ್ನಿನ ಹಳ್ಳಿಗಳಲ್ಲಿ ತಗಡಿನ ಚರ್ಚುಗಳು ಯಾಕಿವೆ? ಇನ್ನೂ ಹೇಗೆ ಉಳಿದಿವೆ?

ಮುಖ್ಯ ಕಾರಣ ಅವಸರ, ಜೊತೆಗೆ ದುಡ್ಡಿನ ಅಭಾವ. 19ನೇ ಶತಮಾನದಲ್ಲಿ ಗಣಿ, ಕಾರ್ಖಾನೆ, ರೈಲು ಕೆಲಸ ಅಂತ ಜನ ಹೊಸ ಜಾಗಗಳಲ್ಲಿ ನೆಲೆಸಿದರು. ಕಲ್ಲಿನ ಚರ್ಚು ಕಟ್ಟೋಕೆ ವರ್ಷಗಳೇ ಬೇಕು, ಅಲ್ವಾ? ಅಲೆಅಲೆಯಾದ ಕಬ್ಬಿಣದ ತಗಡಿಗೆ ಎಂಜಿನಿಯರ್ ಹೆನ್ರಿ ಪಾಮರ್ 1829ರಲ್ಲೇ ಪೇಟೆಂಟ್ ಪಡೆದಿದ್ದರು. ಆ ಅಲೆಗಳಿಂದಲೇ ತೆಳು ತಗಡಿಗೂ ಬಲ ಬರುತ್ತದೆ. ಆಮೇಲೆ ಸತುವಿನ ಲೇಪ ಬಂತು, ತುಕ್ಕಿನ ಕಾಟ ತಗ್ಗಿತು.

ಕಂಪನಿಗಳು ಕ್ಯಾಟಲಾಗ್ ಕಳಿಸುತ್ತಿದ್ದವು. ಊರಿನವರು ಅದರಲ್ಲಿ ಆರಿಸಿದರೆ ಇಡೀ ಕಟ್ಟಡ ಬಿಡಿಬಿಡಿಯಾಗಿ ರೈಲಿನಲ್ಲಿ ಬರುತ್ತಿತ್ತು. ಮರದ ಚೌಕಟ್ಟು ನಿಲ್ಲಿಸಿ, ಹೊರಗೆ ತಗಡು ಹೊಡೆದು, ಒಳಗೆ ಪೈನ್ ಹಲಗೆ ಜೋಡಿಸುತ್ತಿದ್ದರು. ಒಳಗೆ ಕೂತರೆ ತಗಡಿನ ಕಟ್ಟಡ ಅಂತ ಅನ್ನಿಸುವುದೇ ಇಲ್ಲ. ಜೋರು ಮಳೆ ಬಂದಾಗ ಮಾತ್ರ ಪಾದ್ರಿಯ ಮಾತು ಕೇಳುವುದು ಕಷ್ಟ!

ತಗಡಿನ ಕಟ್ಟಡ ಬಡವರಿಗೆ ಮಾತ್ರ ಅಂದುಕೊಳ್ಳಬೇಡಿ. 1851ರಲ್ಲಿ ವಿಕ್ಟೋರಿಯಾ ರಾಣಿಯ ಗಂಡ ರಾಜಕುಮಾರ ಆಲ್ಬರ್ಟ್, ಸ್ಕಾಟ್ಲೆಂಡಿನಲ್ಲಿದ್ದ ತಮ್ಮ ಬಾಲ್ಮೋರಲ್ ನಿವಾಸಕ್ಕೆ ಇಂಥದ್ದೇ ನೃತ್ಯಶಾಲೆ ತರಿಸಿದ್ದರು.

ತಾತ್ಕಾಲಿಕ ಅಂತ ಕಟ್ಟಿದ ಎಷ್ಟೋ ಕಟ್ಟಡಗಳು ನೂರು ವರ್ಷ ದಾಟಿವೆ. ಇದರಲ್ಲಿ ಊರಿನವರ ಪಾಲೇ ಜಾಸ್ತಿ ಅಂತ ನನ್ನ ನಂಬಿಕೆ. ತುಕ್ಕು ಸಾಮಾನ್ಯವಾಗಿ ಶುರುವಾಗುವುದು ಮೊಳೆ ಹೊಡೆದ ತೂತುಗಳಲ್ಲಿ, ನೆಲಕ್ಕೆ ತಾಗುವ ಅಂಚಿನಲ್ಲಿ. ಆಗಾಗ ಬಣ್ಣ ಬಳಿದು, ಹಾಳಾದ ಒಂದೆರಡು ತಗಡು ಬದಲಿಸಿದರೆ ಸಾಕು. ಕೆಲವು ಈಗ ಸಮುದಾಯ ಭವನಗಳಾಗಿವೆ. ಸೌತ್ ವಾನ್‌ಸ್ಟನ್ ಹಳ್ಳಿಯ ತಗಡಿನ ಚರ್ಚನ್ನು ಬಿಚ್ಚಿ, ಸಸೆಕ್ಸಿನ ಬಯಲು ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿದ್ದಾರೆ.