ಹಳೆಯ ಬ್ರಾಡ್‌ವೇ ಮ್ಯೂಸಿಕಲ್‌ಗಳಲ್ಲಿ ಹೆಣ್ಣು ಕೊನೆಗೆ ಸೋಲುತ್ತಾಳೆ, ಹಾಗಾದರೆ ಸ್ತ್ರೀವಾದ ಎಲ್ಲಿದೆ?

ಪ್ರಬಂಧಕ್ಕೆಂದು ಹಳೆಯ ಬ್ರಾಡ್‌ವೇ ಮ್ಯೂಸಿಕಲ್‌ಗಳನ್ನು, ಅಂದರೆ ನ್ಯೂಯಾರ್ಕ್ ರಂಗಭೂಮಿಯ ಹಾಡು-ಕುಣಿತದ ನಾಟಕಗಳನ್ನು ಓದುತ್ತಿದ್ದೀರಿ, ಎಲ್ಲದರ ಕೊನೆಯಲ್ಲೂ ಹೆಣ್ಣೇ ತಗ್ಗುತ್ತಾಳೆ, ಇದರಲ್ಲಿ ಬರೆಯೋಕೇನಿದೆ ಅಂತ ಕೇಳಿದ್ದೀರಿ. ಕೊನೆಯ ದೃಶ್ಯವೊಂದನ್ನೇ ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ಈ ಪ್ರಕಾರದಲ್ಲಿ ಕಥೆ ಕಿತ್ತುಕೊಂಡದ್ದನ್ನು ಹಾಡು ಕೊಟ್ಟಿರುತ್ತದೆ. ಹಾಗಾಗಿ ಮೊದಲು ಹಾಡುಗಳ ಲೆಕ್ಕ ಹಾಕಿ.

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಯಾವ ಹಾಡು, ಯಾರು ಹಾಡುತ್ತಾರೆ, ಯಾರನ್ನು ಉದ್ದೇಶಿಸಿ, ಹಾಡು ಮುಗಿದ ಮೇಲೆ ಏನು ಬದಲಾಯಿತು. 1946ರ ‘ಆ್ಯನಿ ಗೆಟ್ ಯುವರ್ ಗನ್’ನಿಂದ ಶುರು ಮಾಡಿ. ಬಂದೂಕುಗಾರ ಫ್ರಾಂಕ್, ತನಗೆ ಬೇಕಾದ ಹೆಂಡತಿ ಮೆದುವಾಗಿ, ಗೊಂಬೆಯ ಹಾಗಿರಬೇಕು ಎಂದು ನಾಯಕಿ, ಗುರಿಕಾರ್ತಿ ಆ್ಯನಿಯ ಎದುರಿಗೇ ಹಾಡುತ್ತಾನೆ. ಅದಾದ ಕೂಡಲೇ ಬರುವುದು ಆ್ಯನಿಯ ಹಾಡು, ‘ಬಂದೂಕು ಹಿಡಿದು ಗಂಡನ್ನು ಪಡೆಯಲಾಗದು’ ಎಂಬ ಅರ್ಥದ್ದು. ಇವೆರಡನ್ನೂ ಬಿಡಿಬಿಡಿಯಾಗಿ ಕೇಳಬೇಡಿ, ಬೆನ್ನಿಗೆ ಬೆನ್ನಿಗೆ ಕೇಳಿ. ಅವನದು ನಿಧಾನದ ಕನಸು. ಅವಳದು ನಗಿಸುವ ಹಾಡು, ಚಪ್ಪಾಳೆಯೂ ಅವಳಿಗೇ.

ಕೊನೆಗೆ ಬಂದರೆ ಇನ್ನೂ ಸ್ಪಷ್ಟ. ಗುರಿ ಹೊಡೆಯುವ ಅಂತಿಮ ಪಂದ್ಯಕ್ಕೆ ಮೊದಲು ಇಬ್ಬರೂ ‘ನೀನು ಮಾಡಿದ್ದನ್ನೆಲ್ಲ ನಾನು ನಿನಗಿಂತ ಚೆನ್ನಾಗಿ ಮಾಡುತ್ತೇನೆ’ ಎಂದು ಜಗಳದ ಯುಗಳಗೀತೆ ಹಾಡುತ್ತಾರೆ. ಒಂದು ಸ್ವರವನ್ನು ಯಾರು ಹೆಚ್ಚು ಹೊತ್ತು ಹಿಡಿಯುತ್ತಾರೆ ಎಂಬ ಪೈಪೋಟಿಯೂ ಅದರೊಳಗಿದೆ. ಗೆಲ್ಲುವವಳು ಆ್ಯನಿ. ಅದೇ ಆ್ಯನಿ ಸ್ವಲ್ಪ ಹೊತ್ತಿಗೆ, ಫ್ರಾಂಕ್ ತನ್ನವನಾಗಲಿ ಎಂದು ಬೇಕೆಂದೇ ಗುರಿ ತಪ್ಪಿಸುತ್ತಾಳೆ. ಮೊದಲ ಪ್ರಯೋಗದಲ್ಲಿ ಆ್ಯನಿಯಾಗಿದ್ದ ಎಥೆಲ್ ಮರ್ಮನ್‌ರ ಕಂಠ ಕೇಳಿದ ಪ್ರೇಕ್ಷಕರು ಆ ಸೋಲನ್ನು ನಂಬುವುದಾದರೂ ಹೇಗೆ? ನಿಮ್ಮ ಪ್ರಬಂಧದ ತಿರುಳು ಇಲ್ಲೇ ಇದೆ. ಇತಿಹಾಸದ ಆ್ಯನಿ ಓಕ್ಲಿ ಪಂದ್ಯದಲ್ಲಿ ಫ್ರಾಂಕ್ ಬಟ್ಲರ್‌ನನ್ನು ಸೋಲಿಸಿದವಳು. ಆಮೇಲೆ ಅವನೇ ಅವಳನ್ನು ಮದುವೆಯಾಗಿ, ಅವಳ ಮ್ಯಾನೇಜರ್ ಆದ. ಯುದ್ಧಕಾಲದಲ್ಲಿ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರನ್ನು ಮನೆಗೆ ಕಳಿಸುತ್ತಿದ್ದ ಹೊತ್ತಿನಲ್ಲಿ ರಂಗದ ಮೇಲೆ ಆ ಗೆಲುವು ಸೋಲಾಯಿತು.

ಬರೆದವರು ಗಂಡಸರು, ಅದಕ್ಕೇ ಹೀಗೆ ಎಂದುಬಿಡಬೇಡಿ. ಈ ನಾಟಕದ ಕಲ್ಪನೆ ಗೀತರಚನೆಕಾರ್ತಿ ಡೊರೊಥಿ ಫೀಲ್ಡ್ಸ್ ಅವರದು. ಅಣ್ಣ ಹರ್ಬರ್ಟ್ ಜೊತೆ ಸೇರಿ ರಂಗಪಠ್ಯ ಬರೆದದ್ದೂ ಅವರೇ. ಗೀತೆಗಳನ್ನೂ ಅವರೇ ಬರೆಯಬೇಕಿತ್ತು. ಸಂಗೀತ ಕೊಡಬೇಕಿದ್ದ ಜೆರೋಮ್ ಕರ್ನ್ 1945ರಲ್ಲಿ ತೀರಿಕೊಂಡು ಅರ್ವಿಂಗ್ ಬರ್ಲಿನ್ ಬಂದದ್ದರಿಂದ ಸಾಹಿತ್ಯ, ಸಂಗೀತ ಎರಡೂ ಬರ್ಲಿನ್ ಪಾಲಾಯಿತು.

ಹೆಚ್ಚಿನವರು ಎಡವುವುದು ಆವೃತ್ತಿಗಳ ವಿಷಯದಲ್ಲಿ. 1950ರ ಸಿನಿಮಾದಲ್ಲಿ ಆ್ಯನಿಯ ‘ಐ ಗಾಟ್ ಲಾಸ್ಟ್ ಇನ್ ಹಿಸ್ ಆರ್ಮ್ಸ್’ ಇಲ್ಲವೇ ಇಲ್ಲ. ಆ ಸಿನಿಮಾವನ್ನೇ ನಂಬಿದರೆ ನಿಮ್ಮ ಲೆಕ್ಕವೇ ತಪ್ಪುತ್ತದೆ. 1999ರ ಮರುಪ್ರಯೋಗಕ್ಕೆ ಪೀಟರ್ ಸ್ಟೋನ್ ಪಠ್ಯ ತಿದ್ದಿದರು: ಪಂದ್ಯ ಸಮ, ಮೂಲನಿವಾಸಿಗಳನ್ನು ಗೇಲಿ ಮಾಡುವ ‘ಐಯಾಮ್ ಆ್ಯನ್ ಇಂಡಿಯನ್ ಟೂ’ ಹೊರಗೆ. ಆ ಹಾಡನ್ನು ಹಾಡುತ್ತಿದ್ದವಳೂ ಆ್ಯನಿಯೇ. ಆದ್ದರಿಂದ ಅದನ್ನು ಬಿಟ್ಟು ಆ್ಯನಿಯ ಬಗ್ಗೆ ಬರೆದರೆ ಅರ್ಧ ಸತ್ಯವೇ ಆದೀತು. ಯಾವ ವರ್ಷದ ಪಠ್ಯ ಎಂಬುದನ್ನು ಮೊದಲ ಪುಟದಲ್ಲೇ ಬರೆದುಬಿಡಿ.

ಪಠ್ಯವೊಂದನ್ನೇ ಓದಿದರೆ ಕುಣಿತ ಕಣ್ಣಿಗೆ ಬೀಳುವುದಿಲ್ಲ. 1943ರ ‘ಓಕ್ಲಹೋಮ!’ದ ಮೊದಲ ಅಂಕದ ಕೊನೆಗೆ ನಾಯಕಿ ಲಾರಿಯ ಕನಸಿನ ನೃತ್ಯವಿದೆ. ಅವಳ ಆಸೆ, ಭಯ ಎರಡನ್ನೂ ಮಾತಿಲ್ಲದೆ ತೋರಿಸಿದವರು ನೃತ್ಯ ಸಂಯೋಜಕಿ ಆ್ಯಗ್ನೆಸ್ ಡಿ ಮಿಲ್. ಅಮೆರಿಕದ ಹಕ್ಕುಸ್ವಾಮ್ಯ ಕಾಯ್ದೆ ನೃತ್ಯ ಸಂಯೋಜನೆಯನ್ನು ಹೆಸರಿಸಿ ರಕ್ಷಣೆ ಕೊಟ್ಟದ್ದು 1976ರಲ್ಲಷ್ಟೇ, ಹಾಗಾಗಿ ಇಂಥ ಕೆಲಸವನ್ನು ನೀವೇ ಹುಡುಕಿ ಲೆಕ್ಕಕ್ಕೆ ಸೇರಿಸಬೇಕು.

ಹೋಲಿಕೆಗೆ 2015ರ ‘ಫನ್ ಹೋಮ್’ ತಗೊಳ್ಳಿ. ಜನೀನ್ ಟೆಸೋರಿ, ಲೀಸಾ ಕ್ರಾನ್ ಇದಕ್ಕಾಗಿ ಅತ್ಯುತ್ತಮ ಸಂಗೀತ-ಸಾಹಿತ್ಯದ ಟೋನಿ, ಅಂದರೆ ಬ್ರಾಡ್‌ವೇ ರಂಗಭೂಮಿಯ ದೊಡ್ಡ ಪ್ರಶಸ್ತಿ ಪಡೆದರು. ಹೆಂಗಸರಷ್ಟೇ ಇದ್ದ ತಂಡಕ್ಕೆ ಅದು ಬಂದದ್ದು ಅದೇ ಮೊದಲು. ಅದರಲ್ಲಿ ಪುಟ್ಟ ಹುಡುಗಿಯೊಬ್ಬಳು ಸಾಮಾನು ತಲುಪಿಸಲು ಬಂದ ಹೆಂಗಸಿನ ಸೊಂಟದ ಬೀಗದಕೈ ಗೊಂಚಲು ನೋಡಿ ಹಾಡುತ್ತಾಳೆ. ಅದೇ ನಾಲ್ಕು ಕಾಲಂ ಇದಕ್ಕೂ ತುಂಬಿಸಿ. ‘ಯಾರನ್ನು ಉದ್ದೇಶಿಸಿ’ ಎಂಬಲ್ಲಿ ಗಂಡಿನ ಹೆಸರು ಬರೆಯಬೇಕಾಗಿಲ್ಲ.