ಸಂಪಾದಕರ ಉತ್ತರ: ಯಂತ್ರಗಳೂ ನಡುವೆ ಸಿಲುಕಿದ ತಲೆಮಾರೂ

ಮಾನ್ಯರೇ,

ಕೃತಕ ಬುದ್ಧಿಮತ್ತೆಯನ್ನು ಕುರಿತ ನಮ್ಮ ಕಳೆದ ಸಂಚಿಕೆಯ ಲೇಖನ ಅನಗತ್ಯ ಭಯ ಹುಟ್ಟಿಸುತ್ತದೆಂದೂ, ಉಗಿಯಂತ್ರ ಬಂದಾಗ, ವಿದ್ಯುತ್ತು ಬಂದಾಗ ಹಳೆಯ ಕಸುಬುಗಳು ಅಳಿದರೂ ಅದಕ್ಕಿಂತ ಹೆಚ್ಚು ಹೊಸ ಉದ್ಯೋಗಗಳು ಹುಟ್ಟಿದವೆಂದೂ, ಈಗಲೂ ಹಾಗೆಯೇ ಆಗುವುದೆಂದೂ ತಾವು ಬರೆದಿದ್ದೀರಿ. ಹೊಸ ಉದ್ಯೋಗಗಳು ಹುಟ್ಟಿದ್ದು ನಿಜ. ಆದರೆ ಹಳೆಯದು ಹೋಗಿ ಹೊಸದು ನೆಲೆಗೊಳ್ಳುವ ನಡುವೆ ಎಷ್ಟು ವರ್ಷ ಕಳೆದವು, ಅಷ್ಟೂ ದಿನ ಜನ ಹೇಗೆ ಬದುಕಿದರು ಎಂಬುದನ್ನು ತಮ್ಮ ಪತ್ರ ಮುಟ್ಟುವುದೇ ಇಲ್ಲ.

ಬ್ರಿಟನ್ನಿನ ಹತ್ತಿ ನೇಕಾರರನ್ನೇ ನೋಡಿ. ರಿಚರ್ಡ್ ಆರ್ಕ್‌ರೈಟ್ 1769ರಲ್ಲಿ ನೂಲುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ನೂಲು ಅಗ್ಗವಾಗಿ, ಹೇರಳವಾಗಿ ದೊರೆಯತೊಡಗಿತು. ಮನೆಯಲ್ಲಿ ರಾಟೆ ತಿರುಗಿಸಿ ನಾಲ್ಕು ಕಾಸು ಗಳಿಸುತ್ತಿದ್ದ ಹೆಂಗಸರ ಸಂಪಾದನೆ ನಿಂತಿತಾದರೂ, ಆ ನೂಲನ್ನು ನೇಯುವವರಿಗೆ ಸುಗ್ಗಿ ಬಂದಿತು. ಕೂಲಿ ಏರಿತು, ಸಾವಿರಾರು ಮಂದಿ ಹೊಸದಾಗಿ ಮಗ್ಗ ಹಿಡಿದರು. ತಾವು ಹೇಳುವ ಹೊಸ ಉದ್ಯೋಗ ಅವರಿಗೆ ಸಿಕ್ಕಿಯೇ ಇತ್ತು. ಅದು ಬಾಳಲಿಲ್ಲ. ಮಗ್ಗಕ್ಕೆ ಬಂದವರೇ ಹೆಚ್ಚಾಗಿ ಕೂಲಿ ಇಳಿಯತೊಡಗಿತ್ತು. ಎಡ್ಮಂಡ್ ಕಾರ್ಟ್‌ರೈಟ್ 1785ರಲ್ಲಿ ರೂಪಿಸಿದ ಯಂತ್ರಮಗ್ಗ, ದಶಕಗಳ ಕಾಲ ಒರಟಾಗಿಯೇ ಇದ್ದದ್ದು, 1820ರ ದಶಕದ ಹೊತ್ತಿಗೆ ಪಳಗಿ ಗಿರಣಿಗಳನ್ನು ಹೊಕ್ಕಾಗ 2 ಲಕ್ಷಕ್ಕೂ ಹೆಚ್ಚು ಕೈಮಗ್ಗದ ನೇಕಾರರ ಗಳಿಕೆ ಹಿಂದಿನ ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಅವರು ಗಿರಣಿ ಸೇರಬಹುದಿತ್ತಲ್ಲ ಎಂದರೆ, ಅಲ್ಲಿನ ಮಾಲೀಕರಿಗೆ ಬೇಕಾಗಿದ್ದವರು ಹೆಚ್ಚಾಗಿ ಕಡಿಮೆ ಕೂಲಿಗೆ ದೊರೆಯುವ ಹೆಂಗಸರು ಮತ್ತು ಮಕ್ಕಳು.

ಹೆಣಿಗೆ ಯಂತ್ರಗಳನ್ನು ಮುರಿಯುವವರಿಗೆ ಮರಣದಂಡನೆ ವಿಧಿಸುವ ಕಾನೂನನ್ನು ಬ್ರಿಟಿಷ್ ಸಂಸತ್ತು 1812ರಲ್ಲಿಯೇ ಮಾಡಿತು. ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಅದನ್ನು ನೋಡಿಕೊಳ್ಳಲು ತಪಾಸಣಾಧಿಕಾರಿಗಳನ್ನೂ ನೇಮಿಸಿದ ಕಾಯ್ದೆ ಬರಲು 1833 ಆಗಬೇಕಾಯಿತು. ಇಡೀ ದೇಶಕ್ಕೆ ಅಂತಹ ಅಧಿಕಾರಿಗಳು ನಾಲ್ವರು! ಯಂತ್ರದ ರಕ್ಷಣೆಗೆ ತೋರಿದ ಅವಸರವನ್ನು ಮಗುವಿನ ವಿಷಯದಲ್ಲಿ ತೋರದಿದ್ದುದು ತಂತ್ರಜ್ಞಾನದ ತಪ್ಪಲ್ಲ, ಶಾಸನ ಮಾಡುವವರದು.

ವಿದ್ಯುತ್ತಿನ ಮಾತಿಗೆ ಬಂದರೆ, ನ್ಯೂಯಾರ್ಕಿನಲ್ಲಿ ಎಡಿಸನ್ನನ ವಿದ್ಯುತ್ ಕೇಂದ್ರ 1882ರಲ್ಲಿ ಆರಂಭವಾದರೂ ಅಮೆರಿಕದ ಕಾರ್ಖಾನೆಗಳ ಉತ್ಪಾದಕತೆ ಜಿಗಿದದ್ದು 1920ರ ದಶಕದಲ್ಲಿ. ಮೊದಮೊದಲು ಅನೇಕರು ಉಗಿಯಂತ್ರವನ್ನು ಕಿತ್ತು ಆ ಜಾಗದಲ್ಲಿ ಒಂದು ದೊಡ್ಡ ಮೋಟಾರು ಇಟ್ಟರು, ಅಷ್ಟೆ. ಸೂರಿನ ಕೆಳಗೆ ಉದ್ದಕ್ಕೂ ತಿರುಗುವ ಉಕ್ಕಿನ ದಂಡ, ಅದರಿಂದ ಒಂದೊಂದು ಯಂತ್ರಕ್ಕೂ ಇಳಿಬಿದ್ದ ಬೆಲ್ಟುಗಳು ಹಾಗೆಯೇ ಉಳಿದವು. ಯಂತ್ರಕ್ಕೊಂದು ಮೋಟಾರು ಬಂದು, ಕಟ್ಟಡವನ್ನೂ ಕೆಲಸದ ಕ್ರಮವನ್ನೂ ಬದಲಿಸಿದ ಬಳಿಕವೇ ಲಾಭ ಕಂಡಿತು. ಕೆಲಸವನ್ನು ಹೇಗೆ ಹಂಚಬೇಕೆಂಬುದು ಮೋಟಾರಿನ ಜೊತೆ ತಾನಾಗಿ ಬಂದಿರಲಿಲ್ಲ.

ಹಾಗಾದರೆ ಹೊಸ ತಂತ್ರಜ್ಞಾನವನ್ನು ತಡೆಯಬೇಕೇ ಎಂದು ತಾವು ಕೇಳಿದ್ದೀರಿ. ಖಂಡಿತ ಬೇಡ; ನಮ್ಮ ಲೇಖಕರೂ ಹಾಗೆ ಬರೆದಿಲ್ಲ. ಅನುವಾದಕರು, ಲೆಕ್ಕಿಗರು, ಗುಮಾಸ್ತರು ಮಾಡುತ್ತಿದ್ದ ಕೆಲಸವನ್ನು ಗಣಕ ಮಾಡತೊಡಗಿದಾಗ ಉಳಿಯುವ ಹಣದಲ್ಲಿ ಅವರಿಗೆ ಎಷ್ಟು ಪಾಲು, ಮರುತರಬೇತಿಯ ಖರ್ಚು ಯಾರದು, ಅದು ಮುಗಿಯುವವರೆಗೆ ಅವರ ಮನೆ ನಡೆಯುವುದು ಹೇಗೆ ಎಂದು ನಮ್ಮ ಲೇಖಕರು ಕೇಳಿದ್ದರು. ಈ ಮೂರರಲ್ಲಿ ಒಂದಕ್ಕಾದರೂ ತಮ್ಮಲ್ಲಿ ಉತ್ತರವಿದ್ದರೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕರು