ಕಾಮೆಂಟ್ ತಾನೇ, ಬಿಡಿ ಅಂದರೆ?

ಪ್ರಶ್ನೆ: ನಾನು ಬಳಸುವ ಓಪನ್ ಸೋರ್ಸ್ ಲೈಬ್ರರಿಯ ರ‍್ಯಾಂಡಮ್ ಫಂಕ್ಷನ್ ಮೇಲೆ '0 ಬರುವುದಿಲ್ಲ, 1 ಬರಬಹುದು' ಅಂತ ಕಾಮೆಂಟ್ (ಓದುವವರಿಗಾಗಿ ಕೋಡ್ ಪಕ್ಕ ಬರೆದ ಟಿಪ್ಪಣಿ) ಇದೆ. ಕೋಡ್ ನೋಡಿದರೆ 53 ಬಿಟ್‌ನ ಪೂರ್ಣಾಂಕವನ್ನು 2ರ 53ನೇ ಘಾತದಿಂದ ಭಾಗಿಸಿದ್ದಾರೆ. ಆ ಪೂರ್ಣಾಂಕ 0 ಆಗಬಹುದು, ಆದರೆ ಅತಿ ದೊಡ್ಡದೂ 2ರ 53ನೇ ಘಾತಕ್ಕಿಂತ ಒಂದು ಕಡಿಮೆ. ಅಂದರೆ 0 ಬರುತ್ತದೆ, 1 ಬರುವುದೇ ಇಲ್ಲ. ಬರೀ ಕಾಮೆಂಟ್ ತಿದ್ದಿ ಪ್ಯಾಚ್ (ತಿದ್ದುಪಡಿ) ಕಳಿಸಬಹುದಾ? 'ಕಾಮೆಂಟ್ ರನ್ ಆಗಲ್ಲವಲ್ಲ' ಅಂತ ಜೊತೆಯವರು ನಗುತ್ತಾರೆ.

ಉತ್ತರ: ಧಾರಾಳವಾಗಿ ಕಳಿಸಿ. ಕಾಮೆಂಟ್ ರನ್ ಆಗುವುದಿಲ್ಲ ಸರಿ, ಅದನ್ನು ನಂಬಿ ಬರೆದ ಕೋಡ್ ಆಗುತ್ತದೆ ಅಲ್ವಾ?

ಯಾರೋ ಒಬ್ಬರಿಗೆ ಎಕ್ಸ್‌ಪೊನೆನ್ಷಿಯಲ್ ಹಂಚಿಕೆಯ (ಚಿಕ್ಕವು ಹೆಚ್ಚು, ದೊಡ್ಡವು ಅಪರೂಪ) ಸಂಖ್ಯೆ ಬೇಕು ಅಂತಿಟ್ಟುಕೊಳ್ಳಿ. ಈ ಫಂಕ್ಷನ್ ಕೊಟ್ಟದ್ದರ ಲಾಗರಿದಮ್ ತೆಗೆದು ಮೈನಸ್ ಹಾಕಿದರೆ ಸಾಕು. 0 ಬರುವುದಿಲ್ಲ ಅಂತ ಕಾಮೆಂಟೇ ಹೇಳಿದೆಯಲ್ಲ, ಅವರು ನೇರವಾಗಿ ಲಾಗರಿದಮ್‌ಗೆ ಕೊಟ್ಟುಬಿಡುತ್ತಾರೆ. 0ಗೆ ಲಾಗರಿದಮ್ ಇಲ್ಲ, ಹಾಗಾಗಿ 0 ಬಂದ ದಿನ ಪೈಥಾನ್‌ನಲ್ಲಾದರೆ ಎರರ್, ಸಿ ಭಾಷೆಯಲ್ಲಾದರೆ ಸಾಮಾನ್ಯವಾಗಿ ಅನಂತ ಬಂದು ಮುಂದಿನ ಲೆಕ್ಕವೆಲ್ಲ ಹಾಳು. 0 ಬರುವ ಸಾಧ್ಯತೆ ಸುಮಾರು 9,007 ಲಕ್ಷ ಕೋಟಿಯಲ್ಲಿ ಒಂದು, ಹಾಗಾಗಿ ಎಷ್ಟು ಟೆಸ್ಟ್ ಓಡಿಸಿದರೂ ಸಿಗುವ ಬಗ್ ಅಲ್ಲ ಇದು. 32 ಬಿಟ್ ಮಾತ್ರ ಬಳಸುವ ಫಂಕ್ಷನ್ ಆದರೆ 429 ಕೋಟಿಯಲ್ಲಿ ಒಂದು, ದೊಡ್ಡ ಸಿಮ್ಯುಲೇಷನ್‌ನಲ್ಲಿ ಅದು ಎದುರಾಗುವುದು ಬಹುತೇಕ ಖಂಡಿತ. ಕಾಮೆಂಟ್ ಸರಿಯಿದ್ದಿದ್ದರೆ ಅವರು ಬಂದ ಸಂಖ್ಯೆಯನ್ನು 1ರಿಂದ ಕಳೆದು ಲಾಗರಿದಮ್ ತೆಗೆಯುತ್ತಿದ್ದರು, ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಕಾಮೆಂಟ್‌ಗೆ ಹೊಂದುವ ಹಾಗೆ ಕೋಡನ್ನೇ ಬದಲಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದೇ ಸೀಡ್ (ಸಂಖ್ಯೆಗಳ ಸರಣಿ ಶುರು ಮಾಡುವ ಬೀಜಸಂಖ್ಯೆ) ಕೊಟ್ಟರೆ ಅದೇ ಸಂಖ್ಯೆಗಳು ಬರುತ್ತವೆ ಅಂತ ನಂಬಿ ಕೂತವರ ಫಲಿತಾಂಶವೆಲ್ಲ ಬದಲಾಗುತ್ತದೆ.

ಕೈ ಹಾಕಿದ್ದೀರಿ, ಪಕ್ಕದ ಫಂಕ್ಷನ್‌ಗಳನ್ನೂ ನೋಡಿಬಿಡಿ. ಪೂರ್ಣಾಂಕ ಕೊಡುವ ಕಡೆ ಗೊಂದಲ ಇನ್ನೂ ಜಾಸ್ತಿ: ಪೈಥಾನ್‌ನ ರ‍್ಯಾಂಡ್‌ಇಂಟ್‌ನಲ್ಲಿ ಮೇಲಿನ ಮಿತಿ ಸೇರುತ್ತದೆ, ನಂಪೈ ಎಂಬ ಪೈಥಾನ್ ಗಣಿತ ಲೈಬ್ರರಿಯಲ್ಲಿ ಅದೇ ಹೆಸರಿನ ಫಂಕ್ಷನ್‌ನಲ್ಲಿ ಸೇರುವುದಿಲ್ಲ. ಹೆಸರು ನೋಡಿ ಊಹಿಸಬೇಡಿ, ಕೋಡ್ ಓದಿ. ಇದೇ 53 ಬಿಟ್‌ನ ಸಂಖ್ಯೆಯನ್ನು 32 ಬಿಟ್ ಫ್ಲೋಟ್‌ಗೆ (ಕಡಿಮೆ ನಿಖರತೆಯ ದಶಮಾಂಶ ಸಂಖ್ಯೆಗೆ) ಇಳಿಸುವ ಫಂಕ್ಷನ್ ಇದ್ದರೆ ಇನ್ನೊಂದು ತಮಾಷೆ, 1ಕ್ಕೆ ತೀರಾ ಹತ್ತಿರದ ಸಂಖ್ಯೆ ರೌಂಡ್ ಆಗಿ 1 ಆಗಿಬಿಡುತ್ತದೆ! ಅಲ್ಲಿ '1 ಬರುವುದಿಲ್ಲ' ಅಂತ ಬರೆದರೆ ಅದೂ ಸುಳ್ಳೇ.

ಕಾಮೆಂಟ್ ತಿದ್ದುವಾಗ '[0, 1)' ಅಂತ ಆವರಣ ಚಿಹ್ನೆ ಹಾಕಿ ಸುಮ್ನೆ ಬಿಡಬೇಡಿ. '0 ಸೇರುತ್ತದೆ, 1 ಸೇರುವುದಿಲ್ಲ' ಅಂತ ಬಿಡಿಸಿ ಬರೆಯಿರಿ. ಪ್ಯಾಚ್‌ನಲ್ಲಿ ಕಾಮೆಂಟ್ ಬಿಟ್ಟು ಬೇರೇನೂ ಮುಟ್ಟಬೇಡಿ, ಭಾಗಾಕಾರದ ಆ ಸಾಲು ಯಾವುದು ಅಂತ ವಿವರಣೆಯಲ್ಲಿ ತೋರಿಸಿ. ನೋಡುವವರಿಗೆ ಎರಡು ನಿಮಿಷದ ಕೆಲಸ.